ಬ್ಯಾಟರಿ ಪೂರ್ತಿ ಇಳಿಯಲಿ ಎಂದು ಕಾಯಬೇಕೇ?

ಪ್ರಶ್ನೆ: ನಮ್ಮದು ನಾಲ್ಕು ಜನ ಕೂರುವ ಫೈಬರ್ ದೋಣಿ. 12 ವೋಲ್ಟ್ ಮೋಟಾರಿಗೆ 100 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ ಇದೆ. ಭಾನುವಾರ ಒಂದು ಸುತ್ತು ಹೋಗಿಬಂದರೆ ಅರ್ಧವೂ ಇಳಿದಿರುವುದಿಲ್ಲ. ಪೂರ್ತಿ ಖಾಲಿಯಾದ ಮೇಲೆ ಚಾರ್ಜಿಗೆ ಹಾಕಿದರೆ ಬಾಳಿಕೆ ಹೆಚ್ಚು ಎನ್ನುತ್ತಾರೆ. ಎರಡು ಮೂರು ವಾರಕ್ಕೊಮ್ಮೆ ಹಾಕಿದರೆ ಸಾಕಲ್ಲವೇ?

ಸಾಲದು. ದೋಣಿ ದಡಕ್ಕೆ ಬಂದ ದಿನವೇ, ರಾತ್ರಿ ಮಲಗುವುದರೊಳಗೆ ಚಾರ್ಜಿಗೆ ಹಾಕಿ. ಕಾಲುಭಾಗ ಇಳಿದಿದ್ದರೂ ಹಾಕಿ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಆದ್ದರಿಂದ ಈ ಸಲ ಬೇರು ಸಮೇತ ಕೀಳೋಣ.

‘ಪೂರ್ತಿ ಇಳಿಯಲಿ’ ಎಂಬ ಮಾತು ಹಳೆಯ ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳ ಕಾಲದ್ದು. ಕಾರ್ಡ್‌ಲೆಸ್ ಫೋನಿನಲ್ಲಿ ಅವು ಇರುತ್ತಿದ್ದವು. ಅಲ್ಲಿ ಆ ಮಾತಿಗೆ ಸ್ವಲ್ಪ ಅರ್ಥವಿತ್ತು. ನಿಮ್ಮ ಟ್ಯೂಬ್ಯುಲರ್ ಬ್ಯಾಟರಿ ಸೀಸ-ಆಮ್ಲದ ಜಾತಿಯದು, ಅದರ ಸ್ವಭಾವವೇ ಬೇರೆ. ಕರೆಂಟು ಕೊಡುತ್ತಾ ಹೋದಂತೆ ಅದರ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಹೊಸದಾಗಿ ಕೂತದ್ದು ನುಣುಪು ಪುಡಿಯಂತಿರುತ್ತದೆ, ಚಾರ್ಜ್ ಮಾಡಿದರೆ ಕರಗಿ ಮತ್ತೆ ಆಮ್ಲಕ್ಕೆ ಸೇರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟುತ್ತದೆ. ಆಲೆಮನೆ ನೋಡಿದವರಿಗೆ ಹೇಳಬೇಕಾಗಿಲ್ಲ: ಪಾಕ ಬಿಸಿಯಿರುವಾಗ ಹೇಗೆ ಬೇಕಾದರೂ ಹರಿಯುತ್ತದೆ, ಆರಿ ಅಚ್ಚಾದ ಮೇಲೆ ಕುಟ್ಟಿದರೂ ಜಗ್ಗುವುದಿಲ್ಲ. ಹರಳುಗಟ್ಟಿದಷ್ಟು ಪ್ಲೇಟು ನಿಮ್ಮ ಪಾಲಿಗೆ ಸತ್ತಂತೆಯೇ. 100ರ ಬ್ಯಾಟರಿ 80 ಆಗುತ್ತದೆ, ಆಮೇಲೆ 60.

ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ. 12 ವೋಲ್ಟ್ ಬ್ಯಾಟರಿಯಲ್ಲಿ ಆರು ಸೆಲ್ಲುಗಳು ಸಾಲಾಗಿವೆ. ಆರೂ ಒಂದೇ ಸಮ ಇರುವುದಿಲ್ಲ, ಒಂದು ತುಸು ಬಡವಾಗಿರುತ್ತದೆ. ಕೊನೆಯ ಹನಿಯವರೆಗೆ ಹಿಂಡಿದರೆ ಮೊದಲು ಖಾಲಿಯಾಗುವುದು ಅದೇ. ಉಳಿದ ಐದು ಅದರ ಮೂಲಕ ಕರೆಂಟು ದೂಡುತ್ತಲೇ ಇರುತ್ತವೆ, ಅದು ಉಲ್ಟಾ ಚಾರ್ಜ್ ಆಗುತ್ತದೆ. ಹಾಗೆ ಪೆಟ್ಟು ತಿಂದ ಸೆಲ್ಲು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ತೀರಾ ಇಳಿದ ಬ್ಯಾಟರಿಯನ್ನು ಎಷ್ಟೋ ಆಟೊಮ್ಯಾಟಿಕ್ ಚಾರ್ಜರ್‌ಗಳು ಗುರುತಿಸುವುದೂ ಇಲ್ಲ.

‘ಪೂರ್ತಿ ಇಳಿಸಿದಾಗ ಚಾರ್ಜರ್ ಹೆಚ್ಚು ಹೊತ್ತು ಓಡಿತು, ಹಾಗಾದರೆ ಹೆಚ್ಚು ತುಂಬಿತಲ್ಲ?’ ಎಂದು ವಾದಿಸುವವರಿದ್ದಾರೆ. ಖಾಲಿ ಹಂಡೆ ತುಂಬಲು ಹೆಚ್ಚು ಹೊತ್ತು ಬೇಕು ಅಷ್ಟೇ, ಹಂಡೆ ದೊಡ್ಡದಾಗುವುದಿಲ್ಲ.

ಲೆಕ್ಕ ಹೀಗಿಟ್ಟುಕೊಳ್ಳಿ. ದೋಣಿಯಿಂದ ಇಳಿಸಿ ನಾಲ್ಕೈದು ಗಂಟೆ ಸುಮ್ಮನಿಟ್ಟ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧ. ಅದಕ್ಕಿಂತ ಕೆಳಗೆ ಇಳಿಸಬೇಡಿ. ಮೋಟಾರು ನಿಲ್ಲಿಸಿದ ತಕ್ಷಣ ಅಳೆದ ಅಂಕಿ ನಂಬಬೇಡಿ. 100ಕ್ಕೆ 10 ಆಂಪಿಯರ್ ಚಾರ್ಜರ್ ಸಾಕು. ಅದು 14.4 ವೋಲ್ಟ್ ವರೆಗೆ ಏರಿಸಿ, ಆಮೇಲೆ 13.6ರ ಆಸುಪಾಸಿನಲ್ಲಿ ಹಿಡಿದಿಡುವಂಥದ್ದಾಗಿರಲಿ. ಅರ್ಧ ಇಳಿದದ್ದು ತುಂಬಲು ಎಂಟು ಗಂಟೆ ಬಿಡಿ. ಕೊನೆಯ ಐದನೇ ಒಂದು ಭಾಗವೇ ನಿಧಾನ, ಅವಸರಕ್ಕೆ ಅಲ್ಲಿ ಕಿತ್ತರೆ ಮತ್ತೆ ಸಲ್ಫೇಟ್ ಉಳಿಯುತ್ತದೆ. ಮೊದಲು ಕ್ಲಿಪ್ಪು, ಆಮೇಲೆ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು. ಹೈಡ್ರೋಜನ್ ಅನಿಲ ಬರುವುದರಿಂದ ಸೀಟಿನಡಿಯ ಮುಚ್ಚಿದ ಪೆಟ್ಟಿಗೆಯಲ್ಲೇ ಚಾರ್ಜ್ ಮಾಡಬೇಡಿ. ತೋಟದ ಮನೆಯಲ್ಲಿ ನಡುರಾತ್ರಿ ಕರೆಂಟು ಹೋಗಿ ಬಂದರೆ ಕೆಲವು ಚಾರ್ಜರ್‌ಗಳು ತಾವಾಗಿ ಶುರುವಾಗುವುದಿಲ್ಲ, ಬೆಳಗ್ಗೆ ದೀಪ ನೋಡಿ.

‘ಅರ್ಧವೂ ಇಳಿಯುವುದಿಲ್ಲ’ ಎಂದಿದ್ದೀರಿ, ಅದನ್ನೂ ಅಳೆದೇ ಹೇಳಿ. 100 ಎಂಬ ಅಂಕಿ ಇಪ್ಪತ್ತು ಗಂಟೆ ನಿಧಾನವಾಗಿ, 5 ಆಂಪಿಯರ್‌ನಂತೆ ಎಳೆದಾಗಿನದು. ಮೋಟಾರನ್ನು ಪೂರ್ತಿ ವೇಗಕ್ಕಿಟ್ಟು 50 ಆಂಪಿಯರ್ ಎಳೆದರೆ ಎರಡು ಗಂಟೆ ಬಾರದು, ಸುಮಾರು ಒಂದು ಗಂಟೆಗೇ ಪ್ರಾಣ ಹೋಗುತ್ತದೆ. ಅಂದರೆ ಅರ್ಧಗಂಟೆ ನಿಮ್ಮ ಗಡಿ. ಆಷಾಢದ ಗಾಳಿಯಲ್ಲಿ ಕೆಆರ್‌ಎಸ್ ಹಿನ್ನೀರಿನಂಥ ಬಯಲು ನೀರಿಗೆ ಅನುಮತಿ ಪಡೆದು ಇಳಿಯುವವರು ಹೋಗುವಾಗ ಗಾಳಿಗೆದುರು ಹೋಗಿ. ಬರುವಾಗ ಬ್ಯಾಟರಿ ಬಡವಾಗಿರುತ್ತದೆ, ಗಾಳಿ ನಿಮ್ಮ ಕಡೆಗಿರಲಿ. ಹುಟ್ಟು ಎರಡೂ ದೋಣಿಯಲ್ಲೇ ಇರಲಿ.

ನೀವು ಕೇಳಲಿಲ್ಲ, ಆದರೆ ನೀರಿನ ವಿಷಯ ಹೇಳದೆ ಬಿಡಲಾಗದು. ಬೋರ್‌ವೆಲ್ ನೀರಿನ ಲವಣ ಪ್ಲೇಟನ್ನು ಹಾಳುಮಾಡುತ್ತದೆ, ಕುಡಿಯುವ ಆರ್‌ಒ ನೀರಿನಲ್ಲೂ ಸ್ವಲ್ಪ ಉಳಿದಿರುತ್ತದೆ. ಎಸಿಯಿಂದ ತೊಟ್ಟಿಕ್ಕಿದ ನೀರು ಕೊಳವೆಯ ಲೋಹ, ಧೂಳು ಎರಡನ್ನೂ ತರುತ್ತದೆ. ಬಾಟಲಿಯ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಅದೂ ಚಾರ್ಜ್ ಮುಗಿದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ದ್ರವ ಉಬ್ಬಿ ಆಮ್ಲ ಹೊರಗೆ ಉಕ್ಕಿ ಟರ್ಮಿನಲ್ ಮೇಲೆ ಹಸಿರು ಹಿಡಿಯುತ್ತದೆ. ಪ್ಲೇಟು ಒಣಗಿ ಮೇಲೆ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟನ್ನು ಮೊದಲೇ ಹಾಕಿ, ಉಳಿದದ್ದನ್ನು ಮಾರನೆಯ ಬೆಳಗ್ಗೆ ಫ್ಲೋಟಿನ (ಒಳಗಿನ ಮಟ್ಟ ತೋರಿಸುವ ತೇಲುಕಡ್ಡಿಯ) ಗುರುತಿನವರೆಗೆ ತುಂಬಿಸಿ.