ಪೆಲೆ ಕಾಲದ ಗೋಲಿನ ಮಳೆ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ಹಿಂದಿನ ಫುಟ್‌ಬಾಲ್ ವಿಶ್ವಕಪ್‌ಗಳಲ್ಲಿ ಗೋಲುಗಳ ಸುರಿಮಳೆಯೇ ಆಗುತ್ತಿತ್ತಂತೆ. ಈಗಿನವರು ಚೆಂಡನ್ನು ಅತ್ತಿತ್ತ ತಳ್ಳುತ್ತ ಕಾಲ ಕಳೆಯುತ್ತಾರೆ. ಅಂದಿನ ಆಟವೇ ಮೇಲಲ್ಲವೇ ಸರ್?

ಈ ಪ್ರಶ್ನೆಗೆ ಇದು ಎಷ್ಟನೆಯ ಉತ್ತರವೆಂಬ ಲೆಕ್ಕ ನನಗೇ ತಪ್ಪಿಹೋಗಿದೆ. ಚಿಕ್ಕಮಗಳೂರಿನ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದಾಗ ಮಕ್ಕಳು ಕೇಳುತ್ತಿದ್ದರು. ನಿವೃತ್ತನಾದ ಮೇಲೆ ಅವರ ತಂದೆಯಂದಿರು ಹೋಟೆಲಿನಲ್ಲಿ ಬೈಟು ಕಾಫಿ ಮುಗಿಯುವುದರೊಳಗೆ ಕೇಳುತ್ತಾರೆ. ಆದ್ದರಿಂದ ಈ ಸಲ ಮಾತನ್ನು ಬದಿಗಿಟ್ಟು ಲೆಕ್ಕವನ್ನೇ ಮುಂದಿಡುತ್ತೇನೆ.

ಗೋಲಿನ ಮಳೆ ಸುಳ್ಳಲ್ಲ. 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 26 ಪಂದ್ಯಗಳಿಗೆ 140 ಗೋಲುಗಳು ಬಂದವು, ಎಂದರೆ ಪಂದ್ಯಕ್ಕೆ ಐದಕ್ಕಿಂತ ಹೆಚ್ಚು; ಹಂಗೆರಿ ಒಂದೇ ಪಂದ್ಯದಲ್ಲಿ ದಕ್ಷಿಣ ಕೊರಿಯಾಕ್ಕೆ ಒಂಬತ್ತು ಗೋಲು ಹೊಡೆಯಿತು. ಬ್ರೆಜಿಲಿನ ಪೆಲೆ ಹದಿನೇಳರ ಹುಡುಗನಾಗಿ ಕಾಣಿಸಿಕೊಂಡ 1958ರಲ್ಲೂ ಸರಾಸರಿ 3.6 ಇತ್ತು. ಆದರೆ ಮಳೆ ಅಲ್ಲಿಗೇ ನಿಂತಿತು. 1962ರಲ್ಲಿ 32 ಪಂದ್ಯಗಳಿಗೆ 89 ಗೋಲು, 1966ರಲ್ಲೂ 32 ಪಂದ್ಯಗಳಿಗೆ ಅದೇ 89, ಎಂದರೆ ಪಂದ್ಯಕ್ಕೆ 2.78. ಇನ್ನು 2022ರ ಕತಾರಿಗೆ ಬನ್ನಿ: 64 ಪಂದ್ಯ, 172 ಗೋಲು, ಸರಾಸರಿ 2.69. ಅರವತ್ತು ವರ್ಷಗಳಲ್ಲಿ ನಾವು ಕಳೆದುಕೊಂಡದ್ದು ಹತ್ತು ಪಂದ್ಯಕ್ಕೆ ಒಂದು ಗೋಲೂ ಅಲ್ಲ. ಇದಕ್ಕಾಗಿಯೇ ಇಷ್ಟೊಂದು ನಿಟ್ಟುಸಿರೇ?

‘ಹಾಗಾದರೆ 1970?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಆ ವರ್ಷದ ಸರಾಸರಿ 2.97, ಉಳಿದವಕ್ಕಿಂತ ತುಸು ಮೇಲು, ಒಪ್ಪುತ್ತೇನೆ. ಆದರೆ ಆ ಸಲ ಕಪ್ ಗೆದ್ದ ಬ್ರೆಜಿಲ್ ಆಟವನ್ನು ಕೊಂಡಾಡುವವರು ಅದೇ ಕೂಟದ ಇಟಲಿ, ಉರುಗ್ವೆ, ಸ್ವೀಡನ್, ಇಸ್ರೇಲ್ ಇದ್ದ ಗುಂಪನ್ನು ಎಂದಾದರೂ ನೋಡಿದ್ದಾರೆಯೇ? ಆರು ಪಂದ್ಯಗಳಿಗೆ ಒಟ್ಟು ಆರೇ ಗೋಲು. ಮೂರು ಪಂದ್ಯಗಳಲ್ಲಿ ಒಂದೇ ಒಂದು ಗೋಲು ಹೊಡೆದ ಇಟಲಿ ಗುಂಪಿನಲ್ಲಿ ಮೊದಲ ಸ್ಥಾನ ಪಡೆದು, ಕಡೆಗೆ ಫೈನಲ್ಲಿಗೂ ಹೋಯಿತು. ಆ ಫೈನಲ್ಲಿನಲ್ಲಿ ಬ್ರೆಜಿಲಿನ ಕಾರ್ಲೋಸ್ ಆಲ್ಬರ್ಟೊ ಹೊಡೆದ ನಾಲ್ಕನೆಯ ಗೋಲು ನಮ್ಮ ಫೋನುಗಳಿಗೆ ವಾರಕ್ಕೊಮ್ಮೆ ಬರುತ್ತದೆ, ಇಟಲಿ–ಇಸ್ರೇಲ್ ನಡುವಿನ ಗೋಲಿಲ್ಲದ ತೊಂಬತ್ತು ನಿಮಿಷಗಳನ್ನು ಮಾತ್ರ ಯಾರೂ ಕಳಿಸುವುದಿಲ್ಲ. ಜೊಳ್ಳನ್ನೆಲ್ಲ ತೂರಿಬಿಟ್ಟ ಹಿಂದಿನ ರಾಶಿಯನ್ನು ಇಂದಿನ ತೂರದ ರಾಶಿಯ ಪಕ್ಕಕ್ಕಿಟ್ಟು ಹೋಲಿಸಿದರೆ ನ್ಯಾಯ ಸಿಗುವುದು ಹೇಗೆ?

ನಿಜವಾದ ಬರ ಬಂದದ್ದು 1990ರಲ್ಲಿ, 52 ಪಂದ್ಯಗಳಿಗೆ 115 ಗೋಲು. ಗೆಲ್ಲುತ್ತಿದ್ದ ತಂಡದವರು ಚೆಂಡನ್ನು ತಮ್ಮ ಗೋಲ್‌ಕೀಪರಿಗೇ ಹಿಂದಕ್ಕೆ ಕೊಡುವುದು, ಆತ ಕೈಯಲ್ಲಿ ಹಿಡಿದು ನಿಲ್ಲುವುದು, ಮತ್ತೆ ಕೊಡುವುದು. ನೋಡಿ ಬೇಸತ್ತವರೇ 1992ರಲ್ಲಿ ನಿಯಮ ತಂದು ಆ ಬ್ಯಾಕ್ ಪಾಸನ್ನು ಕೈಯಲ್ಲಿ ಹಿಡಿಯುವುದನ್ನು ನಿಲ್ಲಿಸಿದರು. ‘ಕಾಲ ಕಳೆಯುವ ಆಟ’ ಎಂಬ ದೂರು ಸಲ್ಲಬೇಕಾದದ್ದು ಈಗಿನವರಿಗಲ್ಲ, ಆಗಿನವರಿಗೆ.

ಮೇಲು ಯಾವುದು ಎಂಬುದಕ್ಕೆ ನನ್ನ ಉತ್ತರ ಗಿಡ್ಡದು: ವೇಗ, ದಮ್ಮು, ಅಭ್ಯಾಸದ ಶಿಸ್ತು ಇಂದಿನದು ಮೇಲು, ಏಟು ತಿಂದೂ ಆಡುವ ಗಟ್ಟಿತನ ಅಂದಿನದು. 1966ರಲ್ಲಿ ಎದುರಾಳಿಗಳು ಪೆಲೆಯ ಕಾಲನ್ನು ಒದ್ದೊದ್ದು ಕುಂಟಿಸಿದಾಗ ತೋರಿಸಲು ಹಳದಿ, ಕೆಂಪು ಕಾರ್ಡುಗಳಿರಲಿಲ್ಲ, ಬದಲಿ ಆಟಗಾರನನ್ನು ಇಳಿಸುವ ಅವಕಾಶವೂ ಇರಲಿಲ್ಲ. ಅವೆರಡೂ ವಿಶ್ವಕಪ್ಪಿಗೆ ಬಂದದ್ದು 1970ರಲ್ಲಿ.

ಚೆಂಡಿನ ವಿಷಯವನ್ನು ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಹಿಂದಿನ ಚೆಂಡು ಭಾರವಾಗಿತ್ತು ಎನ್ನುತ್ತಾರೆ. ನಿಯಮದ ಪ್ರಕಾರ ಚೆಂಡಿನ ತೂಕ 1937ರಿಂದ ಇಂದಿನವರೆಗೂ ಹೆಚ್ಚುಕಡಿಮೆ 410ರಿಂದ 450 ಗ್ರಾಂ. ಬದಲಾದದ್ದು ತೂಕವಲ್ಲ, ನೀರು ಕುಡಿಯುವ ಗುಣ. ಪೂರ್ತಿ ಸಿಂಥೆಟಿಕ್ ಚೆಂಡು ವಿಶ್ವಕಪ್ಪಿಗೆ ಬಂದದ್ದು 1986ರಲ್ಲಿ. ನಮ್ಮ ಶಾಲೆಯ ಬೀರುವಿನಲ್ಲಿ ಅದರ ನಂತರವೂ ಬಹಳ ವರ್ಷ ಇದ್ದದ್ದು ಲೇಸ್ ಬಿಗಿಯುವ ತೊಗಲಿನ ಚೆಂಡೇ. ಜುಲೈ ಮಳೆಯಲ್ಲಿ ಅರ್ಧ ಗಂಟೆ ಆಡಿದರೆ ಅದು ನೆನೆದ ಗೋಣಿಯಂತೆ ತೂಗುತ್ತಿತ್ತು, ಹೆಡ್ ಮಾಡಿದ ಹುಡುಗನ ಹಣೆಯ ಮೇಲೆ ಲೇಸಿನ ಗುರುತು ಸಂಜೆಯವರೆಗೂ ಉಳಿಯುತ್ತಿತ್ತು.