ಆಫೀಸಿನಲ್ಲಿರುವ ಮೇಲ್ ಫೋನಿನಲ್ಲಿ ಏಕೆ ಕಾಣುವುದಿಲ್ಲ? ಸಣ್ಣ ಉದ್ದಿಮೆಗೆ ಇಮೇಲ್ ವ್ಯವಸ್ಥೆ

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ವರ್ಕ್‌ಶಾಪ್. ಕಂಪನಿ ಹೆಸರಿನ ಒಂದೇ ಮೇಲ್ ಐಡಿಯನ್ನು ಆಫೀಸಿನ ಕಂಪ್ಯೂಟರ್, ನನ್ನ ಫೋನ್, ಮನೆಯ ಲ್ಯಾಪ್‌ಟಾಪ್, ಅಕೌಂಟ್ಸ್ ನೋಡುವವರ ಸಿಸ್ಟಮ್ ಎಲ್ಲದರಲ್ಲೂ ಹಾಕಿಕೊಂಡಿದ್ದೇವೆ. ಆಫೀಸಿನಿಂದ ಕಳಿಸಿದ ಕೊಟೇಶನ್ ಫೋನಿನಲ್ಲಿ ಸಿಗುವುದಿಲ್ಲ. ಎರಡು ವಾರ ಹಿಂದಿನ ಪರ್ಚೇಸ್ ಆರ್ಡರ್ ಹುಡುಕಿದರೆ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ. ಯಾವ ವ್ಯವಸ್ಥೆ ಮಾಡಿಕೊಂಡರೆ ಎಲ್ಲ ಕಡೆ ಒಂದೇ ರೀತಿ ಕಾಣುತ್ತದೆ?

ಉತ್ತರ: ನೀವು ಹೇಳಿದ "ಎರಡು ವಾರ"ದಲ್ಲೇ ಕಾರಣದ ಸುಳಿವಿದೆ. ಆಫೀಸಿನ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ ನಿಮ್ಮ ಅಕೌಂಟನ್ನು ಪಾಪ್ ವಿಧಾನದಲ್ಲಿ ಸೇರಿಸಿರುವ ಸಾಧ್ಯತೆ ಬಹಳ. ಪಾಪ್ ಎಂದರೆ ಅಂಚೆ ಕಚೇರಿಗೆ ಹೋಗಿ ಟಪಾಲನ್ನು ಮನೆಗೆ ತಂದಿಟ್ಟುಕೊಂಡ ಹಾಗೆ. ಸರ್ವರಿನಿಂದ, ಅಂದರೆ ಮೇಲ್ ಸೇವೆಯವರ ಕಂಪ್ಯೂಟರಿನಿಂದ, ಇಳಿಸಿಕೊಂಡ ಮೇಲ್ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಕೂರುತ್ತದೆ. ಔಟ್‌ಲುಕ್ ತಾನಾಗಿಯೇ ಹಾಕಿಕೊಳ್ಳುವ ಸೆಟ್ಟಿಂಗಿನಲ್ಲಿ ಸರ್ವರಿನ ಪ್ರತಿ 14 ದಿನ ಮಾತ್ರ ಉಳಿಯುತ್ತದೆ, ಆಮೇಲೆ ಅಳಿದುಹೋಗುತ್ತದೆ. ಫೋನು ಮತ್ತು ಲ್ಯಾಪ್‌ಟಾಪ್ ನೋಡುವುದು ಸರ್ವರನ್ನು. ಅಲ್ಲೇ ಇಲ್ಲದ ಮೇಲ್ ಅವುಗಳಲ್ಲಿ ಹೇಗೆ ಕಂಡೀತು? ಕಳಿಸಿದ ಮೇಲ್‌ನ ಕಥೆ ಇನ್ನೂ ಸರಳ. ಪಾಪ್‌ಗೆ ಇನ್‌ಬಾಕ್ಸ್ ಬಿಟ್ಟರೆ ಬೇರೆ ಫೋಲ್ಡರ್ ಗೊತ್ತೇ ಇಲ್ಲ. ಸೆಂಟ್, ಡ್ರಾಫ್ಟ್, ನೀವು ಮಾಡಿಕೊಂಡ ಕಸ್ಟಮರ್‌ವಾರು ಫೋಲ್ಡರುಗಳು, ಓದಿದ್ದೋ ಇಲ್ಲವೋ ಎಂಬ ಗುರುತು, ಎಲ್ಲವೂ ಆ ಒಂದು ಯಂತ್ರದಲ್ಲೇ ಉಳಿಯುತ್ತವೆ.

ಈಗಲೇ ಮಾಡಬೇಕಾದ ಪ್ರಥಮ ಚಿಕಿತ್ಸೆ ಒಂದಿದೆ. ಔಟ್‌ಲುಕ್‌ನಲ್ಲಿ ಫೈಲ್, ಅಕೌಂಟ್ ಸೆಟ್ಟಿಂಗ್ಸ್ ತೆರೆದು ನಿಮ್ಮ ಐಡಿಯ ಎದುರು ಯಾವ ಟೈಪ್ ಇದೆ ನೋಡಿ. ಪಾಪ್ ಎಂದಿದ್ದರೆ ಚೇಂಜ್, ಮೋರ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ಗೆ ಹೋಗಿ, ಪ್ರತಿಯನ್ನು ಸರ್ವರಿನಲ್ಲೇ ಬಿಡು ಎಂಬ ಟಿಕ್ ಇರಲಿ, ಇಷ್ಟು ದಿನದ ನಂತರ ತೆಗೆದುಹಾಕು ಎಂಬ ಟಿಕ್ ತೆಗೆಯಿರಿ. ಹೊಸದಾಗಿ ಅಳಿಯುವುದು ಇಲ್ಲಿಗೆ ನಿಲ್ಲುತ್ತದೆ. ಹಳೆಯ ಮೇಲ್ ವಾಪಸ್ ತರುವ ಕೆಲಸ ಬೇರೆ, ಅದಕ್ಕೆ ಮುಂದೆ ಬರೋಣ.

ಶಾಶ್ವತ ಪರಿಹಾರವೆಂದರೆ ಎಲ್ಲ ಸಾಧನಗಳಲ್ಲೂ ಐಮ್ಯಾಪ್, ಇಲ್ಲವೇ ಆಯಾ ಸೇವೆಯ ಸ್ವಂತ ಆ್ಯಪ್. ಐಮ್ಯಾಪ್‌ನಲ್ಲಿ ಮೂಲ ಪ್ರತಿ ಸರ್ವರಿನಲ್ಲೇ ಇರುತ್ತದೆ. ಫೋನಿನಲ್ಲಿ ಓದಿದ್ದು ಆಫೀಸಿನಲ್ಲೂ ಓದಿದ್ದಾಗಿ ಕಾಣುತ್ತದೆ, ಅಲ್ಲಿ ಫೋಲ್ಡರಿಗೆ ಹಾಕಿದ್ದು ಇಲ್ಲೂ ಅದೇ ಫೋಲ್ಡರಿನಲ್ಲಿರುತ್ತದೆ. ಒಂದು ಎಚ್ಚರಿಕೆಯನ್ನು ಎಲ್ಲರಿಗೂ ಹೇಳಿಬಿಡಿ: ಐಮ್ಯಾಪ್‌ನಲ್ಲಿ ಒಬ್ಬರು ಡಿಲೀಟ್ ಮಾಡಿದರೆ ಎಲ್ಲರ ಕಡೆಯೂ ಡಿಲೀಟ್. ಪಾಪ್ ಅಭ್ಯಾಸದಲ್ಲಿ ಫೋನಿನ ಇನ್‌ಬಾಕ್ಸ್ "ಕ್ಲೀನ್" ಮಾಡುವವರು ಬದಲಾವಣೆಯ ಮೊದಲ ವಾರದಲ್ಲೇ ಆಫೀಸಿನ ಮೇಲ್ ಖಾಲಿ ಮಾಡಿಬಿಡುವುದುಂಟು.

ಯಾವ ಸೇವೆ ತೆಗೆದುಕೊಳ್ಳಬೇಕು

ಈಗ ನಿಮ್ಮ ಮೇಲ್ ವೆಬ್‌ಸೈಟಿನ ಜೊತೆ ಹೋಸ್ಟಿಂಗ್‌ನಲ್ಲಿ (ವೆಬ್‌ಸೈಟ್ ಇಡಲು ಬಾಡಿಗೆಗೆ ಪಡೆದ ಸರ್ವರ್ ಜಾಗ) ಉಚಿತವಾಗಿ ಬಂದದ್ದಿರಬಹುದು. ಅದರಲ್ಲೂ ಐಮ್ಯಾಪ್ ಇರುತ್ತದೆ, ತಾತ್ಕಾಲಿಕವಾಗಿ ನಡೆಯುತ್ತದೆ. ಆದರೆ ಮುಂದುವರಿಸಬೇಡಿ ಎಂದೇ ನಮ್ಮ ಸಲಹೆ. ಅಲ್ಲಿ ವೆಬ್‌ಸೈಟೂ ಮೇಲೂ ಸಾಮಾನ್ಯವಾಗಿ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ. ಡ್ರಾಯಿಂಗ್ ಫೈಲುಗಳಿಂದ ಜಾಗ ತುಂಬಿದ ದಿನ ಕಸ್ಟಮರ್ ಕಳಿಸಿದ ಮೇಲ್ ಬೌನ್ಸ್ ಆಗುತ್ತದೆ, ಅಂದರೆ ಅವರಿಗೇ ವಾಪಸ್ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದೇ ಸರ್ವರಿನ ಐಪಿ ವಿಳಾಸದಿಂದ (ಇಂಟರ್‌ನೆಟ್ಟಿನಲ್ಲಿ ಆ ಸರ್ವರನ್ನು ಗುರುತಿಸುವ ಸಂಖ್ಯೆ) ಬೇರೆ ನೂರಾರು ಸೈಟುಗಳ ಮೇಲ್ ಕೂಡ ಹೋಗುತ್ತಿರುತ್ತದೆ. ಅವುಗಳಲ್ಲಿ ಯಾವುದೋ ಒಂದು ಸ್ಪ್ಯಾಮ್ ಕಳಿಸಿದರೆ ನಿಮ್ಮ ಕೊಟೇಶನ್ನೂ ಸ್ಪ್ಯಾಮ್ ಫೋಲ್ಡರಿಗೆ ಬೀಳುತ್ತದೆ.

ಹಣ ಕೊಟ್ಟು ತೆಗೆದುಕೊಳ್ಳುವುದರಲ್ಲಿ ನಿಮ್ಮಂಥವರಿಗೆ ಮೂರು ದಾರಿ: ಜೋಹೋ ಮೇಲ್, ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365. ಬರೀ ಮೇಲ್ ಸಾಕು, ಖರ್ಚು ಕಡಿಮೆ ಇರಬೇಕು ಎಂದರೆ ಜೋಹೋದ ಹಣ ಕೊಡುವ ಸಣ್ಣ ಪ್ಲಾನ್. ಅದರ ಉಚಿತ ಪ್ಲಾನಿನಲ್ಲಿ ಐಮ್ಯಾಪ್ ಸಿಗುವುದಿಲ್ಲ, ಬ್ರೌಸರ್ ಮತ್ತು ಅವರದೇ ಆ್ಯಪ್‌ನಲ್ಲಿ ಮಾತ್ರ ನೋಡಬಹುದು. ಔಟ್‌ಲುಕ್ ಬಿಡಲಾಗದವರಿಗೆ ಅದು ಆಗುವುದಿಲ್ಲ. ಮನೆಮಂದಿಗೆಲ್ಲ ಜಿಮೇಲ್ ರೂಢಿಯಿದ್ದರೆ, ಡ್ರಾಯಿಂಗುಗಳನ್ನು ಡ್ರೈವ್‌ನಲ್ಲಿ ಇಡುತ್ತಿದ್ದರೆ ವರ್ಕ್‌ಸ್ಪೇಸ್ ಸ್ಟಾರ್ಟರ್ ಒಳ್ಳೆಯದು. ಅದರಲ್ಲಿ ತಲಾ 30 ಜಿಬಿ ಜಾಗ. ಎಕ್ಸೆಲ್ ಇಲ್ಲದೆ ದಿನ ಸಾಗದು ಎನ್ನುವವರು ಮೈಕ್ರೋಸಾಫ್ಟ್ ಕಡೆ ನೋಡಬಹುದು. ಬೆಲೆಗಳು ಆಗಾಗ ಬದಲಾಗುತ್ತವೆ, ಹೋಲಿಸುವಾಗ ಶೇ. 18ರ ಜಿಎಸ್‌ಟಿಯನ್ನು ಸೇರಿಸಿ ನೋಡಿ, ಖರೀದಿಸುವಾಗ ನಿಮ್ಮ ಜಿಎಸ್‌ಟಿ ನಂಬರ್ ಕೊಡಿ. ಇನ್‌ವಾಯ್ಸಿನಲ್ಲಿ ಅದು ಬಂದಿದ್ದರೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು.

ಹೋಸ್ಟಿಂಗಿನ ಮೇಲನ್ನು ಸ್ವಂತ ಉಚಿತ ಜಿಮೇಲ್ ಒಳಗೆ ಪಾಪ್ ಮೂಲಕ ಎಳೆದುಕೊಳ್ಳುವ ಉಪಾಯ ಬಹಳ ಅಂಗಡಿಗಳಲ್ಲಿ ಚಾಲ್ತಿಯಲ್ಲಿತ್ತು. 2026ರ ಜನವರಿಯಿಂದ ಆ ಸೌಲಭ್ಯವನ್ನು ನಿಲ್ಲಿಸುವುದಾಗಿ ಗೂಗಲ್ ಪ್ರಕಟಿಸಿದೆ. ಹೊಸದಾಗಿ ಯೋಚಿಸುವವರು ಆ ದಾರಿ ಹಿಡಿಯಬೇಡಿ.

ಎಷ್ಟು ಮೇಲ್‌ಬಾಕ್ಸ್ ಬೇಕು

ನಿಮ್ಮ ವ್ಯವಸ್ಥೆಯ ನಿಜವಾದ ದೋಷ ಇಲ್ಲಿದೆ. ಒಂದೇ ಐಡಿ, ಒಂದೇ ಪಾಸ್‌ವರ್ಡ್, ನಾಲ್ಕು ಕಡೆ. ಯಾರು ಉತ್ತರ ಕೊಟ್ಟರು, ಯಾರು ಅಳಿಸಿದರು ತಿಳಿಯುವುದಿಲ್ಲ. ಒಬ್ಬರು ಕೆಲಸ ಬಿಟ್ಟರೆ ನಾಲ್ಕೂ ಕಡೆ ಪಾಸ್‌ವರ್ಡ್ ಬದಲಿಸಬೇಕು, ಹಾಗಾಗಿ ಯಾರೂ ಬದಲಿಸುವುದಿಲ್ಲ. ಎರಡು ಹಂತದ ಪರಿಶೀಲನೆ ಹಾಕಿದರೆ ಒಟಿಪಿ ನಿಮ್ಮ ಫೋನಿಗೆ ಬರುತ್ತದೆ, ಅಕೌಂಟ್ಸ್‌ನವರು ನಿಮಗೆ ಫೋನ್ ಮಾಡುತ್ತಾರೆ, ಬೇಸತ್ತು ಅದನ್ನೂ ತೆಗೆಸುತ್ತೀರಿ.

ಒಬ್ಬ ವ್ಯಕ್ತಿಗೆ ಒಂದು ಮೇಲ್‌ಬಾಕ್ಸ್ ಎಂದು ನಿಶ್ಚಯಿಸಿ. ನಿಮಗೆ ಒಂದು, ಆಫೀಸು ನೋಡಿಕೊಳ್ಳುವವರಿಗೆ ಒಂದು, ಅಕೌಂಟ್ಸ್‌ಗೆ ಒಂದು. ಮೂರಕ್ಕೆ ಮಾತ್ರ ದುಡ್ಡು. ಇನ್ಫೋ, ಸೇಲ್ಸ್, ಪರ್ಚೇಸ್ ಎಂಬ ವಿಳಾಸಗಳಿಗೆ ಬೇರೆ ಮೇಲ್‌ಬಾಕ್ಸ್ ಕೊಳ್ಳಬೇಕಿಲ್ಲ. ಒಬ್ಬರೇ ನೋಡುವ ವಿಳಾಸವಾದರೆ ಅದನ್ನು ಅವರ ಮೇಲ್‌ಬಾಕ್ಸಿಗೆ ಅಲಿಯಾಸ್ ಆಗಿ, ಅಂದರೆ ಅದೇ ಪೆಟ್ಟಿಗೆಯ ಇನ್ನೊಂದು ಹೆಸರಾಗಿ, ಸೇರಿಸಿ. ವರ್ಕ್‌ಸ್ಪೇಸ್‌ನಲ್ಲಿ ಒಬ್ಬರಿಗೆ 30 ಅಲಿಯಾಸ್ ತನಕ ಹೆಚ್ಚುವರಿ ಹಣವಿಲ್ಲ. ಇಬ್ಬರು ಮೂವರು ನೋಡುವ ವಿಳಾಸವಾದರೆ ಗ್ರೂಪ್ ಮಾಡಿ, ಬಂದ ಮೇಲ್ ಎಲ್ಲರಿಗೂ ಹೋಗುತ್ತದೆ. ಮೈಕ್ರೋಸಾಫ್ಟ್‌ನಲ್ಲಿ ಶೇರ್ಡ್ ಮೇಲ್‌ಬಾಕ್ಸ್ ಎಂಬುದಿದೆ, 50 ಜಿಬಿ ತನಕ ಪ್ರತ್ಯೇಕ ಲೈಸೆನ್ಸ್ ಬೇಡ. ಈಗ ಕಸ್ಟಮರುಗಳ ಬಳಿ ಇರುವ ನಿಮ್ಮ ಹಳೆಯ ಐಡಿಯನ್ನು ಗ್ರೂಪ್ ಮಾಡಿಬಿಟ್ಟರೆ ವಿಸಿಟಿಂಗ್ ಕಾರ್ಡ್ ಬದಲಿಸುವ ಕೆಲಸವೂ ಇಲ್ಲ.

ಬದಲಾಯಿಸುವ ಕ್ರಮ

ಮೊದಲು ಡೊಮೈನ್, ಅಂದರೆ ಮೇಲ್ ಐಡಿಯಲ್ಲಿ @ ನಂತರ ಬರುವ ಕಂಪನಿ ಹೆಸರು, ಯಾರ ಹೆಸರಲ್ಲಿದೆ ಪತ್ತೆ ಮಾಡಿ. ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಅಕೌಂಟಿನಲ್ಲೇ ನೋಂದಾಯಿಸಿದ್ದರೆ ನಿಮ್ಮ ಇಡೀ ಮೇಲ್ ಅವರ ಕೈಯಲ್ಲಿದೆ ಎಂದರ್ಥ. ಅದನ್ನು ನಿಮ್ಮ ಅಕೌಂಟಿಗೆ ವರ್ಗಾಯಿಸಿಕೊಳ್ಳದೆ ಮುಂದಿನ ಹೆಜ್ಜೆ ಇಡಬೇಡಿ. ಆ ಅಕೌಂಟಿಗೆ ಕೊಡುವ ಸಂಪರ್ಕ ಇಮೇಲ್ ಅದೇ ಡೊಮೈನಿನದ್ದಾಗಿರಬಾರದು. ಡೊಮೈನ್ ಅವಧಿ ಮುಗಿದರೆ ಮೇಲ್ ನಿಲ್ಲುತ್ತದೆ, ಆಗ ನವೀಕರಣದ ನೋಟಿಸೂ ನಿಮಗೆ ತಲುಪುವುದಿಲ್ಲ.

ಬದಲಾಯಿಸುವ ಹಿಂದಿನ ದಿನ ಡಿಎನ್‌ಎಸ್ ಪುಟದಲ್ಲಿ (ಡೊಮೈನಿನ ವೆಬ್‌ಸೈಟ್, ಮೇಲ್ ಯಾವ ಸರ್ವರಿನಲ್ಲಿವೆ ಎಂದು ಬರೆದಿಡುವ ಪುಟ) ಎಂಎಕ್ಸ್ ದಾಖಲೆಯ (ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಸಾಲು) ಟಿಟಿಎಲ್ ಅನ್ನು, ಅಂದರೆ ಬೇರೆ ಸರ್ವರುಗಳು ಆ ಮಾಹಿತಿಯನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. ಹೋಸ್ಟಿಂಗಿನಲ್ಲಿ ಅದು ಸಾಮಾನ್ಯವಾಗಿ 14400, ಅಂದರೆ ನಾಲ್ಕು ಗಂಟೆ ಇರುತ್ತದೆ. ಹೊಸ ಸೇವೆಯಲ್ಲಿ ಡೊಮೈನ್ ಪರಿಶೀಲನೆ ಮುಗಿಸಿ, ಎಲ್ಲ ಮೇಲ್‌ಬಾಕ್ಸ್, ಅಲಿಯಾಸ್, ಗ್ರೂಪುಗಳನ್ನು ಮಾಡಿದ ಮೇಲೆಯೇ ಎಂಎಕ್ಸ್ ಬದಲಿಸಿ. ಈ ಕೆಲಸಕ್ಕೆ ಶನಿವಾರ ಸಂಜೆ ಒಳ್ಳೆಯ ಹೊತ್ತು. ಹಳೆಯ ಎಂಎಕ್ಸ್ ಸಾಲನ್ನು ಅಳಿಸಿ. ಎರಡೂ ಉಳಿದರೆ ಮೇಲ್ ಒಮ್ಮೆ ಅಲ್ಲಿಗೆ, ಒಮ್ಮೆ ಇಲ್ಲಿಗೆ ಹೋಗುತ್ತದೆ.

ಸಿಪ್ಯಾನೆಲ್ (ಹೋಸ್ಟಿಂಗ್ ನಿರ್ವಹಿಸುವ ತಂತ್ರಾಂಶ) ಇರುವ ಹೋಸ್ಟಿಂಗಿನಲ್ಲಿ ಇಮೇಲ್ ರೂಟಿಂಗ್ ಎಂಬ ಪುಟ ತೆರೆದು ಲೋಕಲ್ ಬದಲು ರಿಮೋಟ್ ಮೇಲ್ ಎಕ್ಸ್‌ಚೇಂಜರ್ ಆಯ್ಕೆ ಮಾಡಿ. ಇದನ್ನು ಬಿಟ್ಟವರಿಗೆ ಕಾಡುವ ತೊಂದರೆ ವಿಚಿತ್ರವಾದದ್ದು: ಹೊರಗಿನ ಮೇಲ್ ಎಲ್ಲ ಸರಿಯಾಗಿ ಬರುತ್ತದೆ, ವೆಬ್‌ಸೈಟಿನ ಎನ್‌ಕ್ವೈರಿ ಫಾರ್ಮ್‌ನಲ್ಲಿ ತುಂಬಿದ್ದು ಮಾತ್ರ ಬರುವುದಿಲ್ಲ. ಆ ಸರ್ವರ್ ಇನ್ನೂ ಮೇಲ್ ತನ್ನಲ್ಲೇ ಇದೆ ಎಂದುಕೊಂಡು ಹಳೆಯ ಪೆಟ್ಟಿಗೆಗೆ ಹಾಕುತ್ತಿರುತ್ತದೆ, ಅದನ್ನು ಯಾರೂ ತೆರೆದು ನೋಡುವುದಿಲ್ಲ.

ಬಳಿಕ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳು. ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರಿಗೆ ಅಧಿಕಾರವಿದೆ ಎಂದು ಮೊದಲನೆಯದು ಹೇಳುತ್ತದೆ, ಎರಡನೆಯದು ಸಹಿ ಹಾಕುತ್ತದೆ, ಇವೆರಡೂ ತಪ್ಪಿದರೆ ಏನು ಮಾಡಬೇಕೆಂದು ಮೂರನೆಯದು ತಿಳಿಸುತ್ತದೆ. ಬೇಕಾದ ಅಕ್ಷರಗಳನ್ನು ಸೇವೆಯ ಅಡ್ಮಿನ್ ಪುಟದಿಂದ ಹಾಗೇ ಕಾಪಿ ಮಾಡಿ. ಒಂದು ಡೊಮೈನಿಗೆ ಎಸ್‌ಪಿಎಫ್ ಒಂದೇ ಇರಬೇಕು. ಹಳೆಯ ಹೋಸ್ಟಿಂಗಿನದ್ದನ್ನು ಬಿಟ್ಟು ಹೊಸದನ್ನೂ ಸೇರಿಸಿದರೆ ಎರಡೂ ಕೆಲಸ ಮಾಡುವುದಿಲ್ಲ. 2024ರ ಫೆಬ್ರುವರಿಯಿಂದ ಗೂಗಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಎಸ್‌ಪಿಎಫ್ ಅಥವಾ ಡಿಕಿಮ್ ಇಲ್ಲದ ಮೇಲ್ ಸ್ಪ್ಯಾಮಿಗೆ ಹೋಗಬಹುದು, ತಿರಸ್ಕಾರವೂ ಆಗಬಹುದು.

ಫೋನು, ಲ್ಯಾಪ್‌ಟಾಪ್, ಸ್ಕ್ಯಾನರ್

ಫೋನಿನಲ್ಲಿ ಆಯಾ ಸೇವೆಯ ಸ್ವಂತ ಆ್ಯಪ್ ಹಾಕಿ. ಮೇಲ್ ಬಂದ ತಕ್ಷಣ ತಿಳಿಯುತ್ತದೆ, ಫೋಲ್ಡರುಗಳ ಗೊಂದಲವಿಲ್ಲ. ಕಂಪ್ಯೂಟರಿನಲ್ಲಿ ಬ್ರೌಸರೇ ಸಾಕು ಎನ್ನುವವರಿಗೆ ಬೇರೇನೂ ಬೇಡ. ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶ ಬೇಕಾದರೆ ಐಮ್ಯಾಪ್‌ಗೆ ಪೋರ್ಟ್ 993, ಕಳಿಸುವ ಎಸ್‌ಎಂಟಿಪಿಗೆ 465 ಇಲ್ಲವೇ 587. ಯಾರಾದರೂ 25 ಹಾಕಿ ಎಂದರೆ ಬೇಡ. ಮನೆಯ ಬ್ರಾಡ್‌ಬ್ಯಾಂಡುಗಳಲ್ಲಿ ಅದನ್ನು ಮುಚ್ಚಿರುವುದೇ ಹೆಚ್ಚು.

ಐಮ್ಯಾಪ್ ಹಾಕಿದ ಮೇಲೂ ಕಳಿಸಿದ ಮೇಲ್ ಬೇರೆ ಕಡೆ ಕಾಣದಿದ್ದರೆ ಸೆಂಟ್ ಫೋಲ್ಡರ್ ಎಲ್ಲಿಗೆ ಸೇರಿದೆ ನೋಡಿ. ಕೆಲವು ಸಲ ಸಾಧನ ತನ್ನೊಳಗಿನ ಸೆಂಟ್ ಫೋಲ್ಡರನ್ನೇ ಬಳಸುತ್ತಿರುತ್ತದೆ. ಐಫೋನಿನ ಮೇಲ್ ಆ್ಯಪ್ ಬಳಸುವವರು ಅಕೌಂಟಿನ ಅಡ್ವಾನ್ಸ್ಡ್ ಪುಟದಲ್ಲಿ ಮೇಲ್‌ಬಾಕ್ಸ್ ಬಿಹೇವಿಯರ್ಸ್ ಕೆಳಗೆ ಸರ್ವರಿನ ಸೆಂಟ್ ಆರಿಸಬೇಕು. ಇದರ ಉಲ್ಟಾ ತೊಂದರೆಯೂ ಇದೆ: ಜಿಮೇಲ್ ಸರ್ವರ್ ಕಳಿಸಿದ್ದನ್ನು ತಾನೇ ಉಳಿಸುತ್ತದೆ, ಔಟ್‌ಲುಕ್ಕೂ ಒಂದು ಪ್ರತಿ ಉಳಿಸಿದರೆ ಪ್ರತಿ ಮೇಲ್ ಎರಡೆರಡು ಕಾಣುತ್ತದೆ. ಆಗ ಔಟ್‌ಲುಕ್‌ನ ಅಕೌಂಟ್ ಸೆಟ್ಟಿಂಗಿನಲ್ಲಿ ಕಳಿಸಿದ್ದರ ಪ್ರತಿ ಉಳಿಸಬೇಡ ಎಂದು ಟಿಕ್ ಹಾಕಿ.

ಸ್ಕ್ಯಾನ್ ಮಾಡಿ ನೇರ ಮೇಲ್ ಕಳಿಸುವ ಪ್ರಿಂಟರ್ ಇದ್ದರೆ ಬದಲಾಯಿಸಿದ ಮರುದಿನ ಅದು ನಿಲ್ಲುವುದು ಬಹುತೇಕ ಖಚಿತ. ಗೂಗಲ್ ಈಗ ಹೊರಗಿನ ಸಾಧನಗಳಿಗೆ ಸಾಮಾನ್ಯ ಪಾಸ್‌ವರ್ಡ್ ಒಪ್ಪುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಪ್ರಿಂಟರಿನಲ್ಲಿ ಹಾಕಬೇಕು. ಔಟ್‌ಲುಕ್ 2010ರಷ್ಟು ಹಳೆಯದಾದರೆ ಹೊಸ ರೀತಿಯ ಲಾಗಿನ್ ಅದಕ್ಕೆ ಬಾರದು. ಥಂಡರ್‌ಬರ್ಡ್ ಉಚಿತ, ಅದಕ್ಕೆ ಹೋಗಿ.

ಹಳೆಯ ಮೇಲ್

ಪಾಪ್ ಇಳಿಸಿಕೊಂಡ ಮೇಲ್ ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಪಿಎಸ್‌ಟಿ ಫೈಲಿನೊಳಗಿದೆ, ಹೆಚ್ಚಾಗಿ ಡಾಕ್ಯುಮೆಂಟ್ಸ್ ಒಳಗಿನ ಔಟ್‌ಲುಕ್ ಫೈಲ್ಸ್ ಫೋಲ್ಡರಿನಲ್ಲಿ. ಔಟ್‌ಲುಕ್ ಮುಚ್ಚಿ ಆ ಫೈಲಿನ ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿದ ಮೇಲೆಯೇ ಬೇರೆ ಕೆಲಸ. ಪಾಪ್ ಅಕೌಂಟನ್ನು ಐಮ್ಯಾಪ್‌ಗೆ ತಿರುಗಿಸುವ ಬಟನ್ ಇಲ್ಲ. ಅದೇ ಔಟ್‌ಲುಕ್‌ನಲ್ಲಿ ಹೊಸ ಐಮ್ಯಾಪ್ ಅಕೌಂಟ್ ಸೇರಿಸಿ, ಹಳೆಯ ಫೋಲ್ಡರುಗಳಿಂದ ವರ್ಷವಾರು ಕಾಪಿ ಮಾಡಿ. ಮೂವ್ ಬೇಡ, ಕಾಪಿಯೇ ಇರಲಿ; ನಡುವೆ ಇಂಟರ್‌ನೆಟ್ ಹೋದರೆ ಏನು ದಾಟಿತು, ಏನು ಉಳಿಯಿತು ಎಂಬ ಚಿಂತೆ ಇರುವುದಿಲ್ಲ. ಒಂದೇ ಸಲಕ್ಕೆ ಹತ್ತು ವರ್ಷದ್ದನ್ನು ಎಳೆಯಬೇಡಿ. ಜಿಮೇಲ್‌ಗೆ ಐಮ್ಯಾಪ್ ಮೂಲಕ ದಿನಕ್ಕೆ 500 ಎಂಬಿ ಮಾತ್ರ ಏರಿಸಬಹುದು, ಮೀರಿದರೆ ಅಕೌಂಟ್ ತಾತ್ಕಾಲಿಕವಾಗಿ ನಿಲ್ಲುತ್ತದೆ. ಹೆಚ್ಚು ಇದ್ದರೆ ಪಿಎಸ್‌ಟಿಯನ್ನೇ ಓದಿ ಸಾಗಿಸುವ ಗೂಗಲ್‌ನ ಉಚಿತ ಮೈಗ್ರೇಶನ್ ಸಾಧನ ಬಳಸಿ. ಇದೆಲ್ಲ ಮುಗಿದು ಒಂದು ತಿಂಗಳಾಗುವ ತನಕ ಹಳೆಯ ಮೇಲ್‌ಬಾಕ್ಸ್ ಅಳಿಸಬೇಡಿ.

ಸರ್ವರಿನಲ್ಲಿದೆ ಎಂದ ಮಾತ್ರಕ್ಕೆ ಬ್ಯಾಕಪ್ ಆಗಲಿಲ್ಲ. ಜಿಮೇಲ್‌ನ ಟ್ರ್ಯಾಶ್ 30 ದಿನಕ್ಕೆ ಖಾಲಿಯಾಗುತ್ತದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ನಿಮ್ಮ ಇನ್‌ವಾಯ್ಸುಗಳು ಬರುವುದು ಮೇಲ್‌ನಲ್ಲೇ ಆದರೆ ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ಬೇರೆ ಡಿಸ್ಕಿನಲ್ಲಿಡಿ. ಹಾಗೆಯೇ ಜಿಎಸ್‌ಟಿ ಪೋರ್ಟಲಿನಲ್ಲಿ ಯಾರ ಇಮೇಲ್ ಇದೆ ನೋಡಿ. ಹೊರಗಿನ ಅಕೌಂಟೆಂಟ್ ತಮ್ಮದನ್ನು ಕೊಟ್ಟಿದ್ದರೆ ನೋಟಿಸುಗಳು ಅವರಿಗೆ ಹೋಗುತ್ತಿರುತ್ತವೆ, ನಿಮ್ಮ ಐಡಿಗೆ ಬದಲಿಸಿ.

ಸಿಬ್ಬಂದಿ ಬಿಟ್ಟು ಹೋದಾಗ ಅವರ ಅಕೌಂಟನ್ನು ಕೂಡಲೇ ಡಿಲೀಟ್ ಮಾಡಬೇಡಿ. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸಿ, ಮೇಲನ್ನು ಬೇರೊಬ್ಬರಿಗೆ ಸಾಗಿಸಿದ ಮೇಲೆ ತೆಗೆಯಿರಿ. ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಬಳಕೆದಾರನನ್ನು ಮರಳಿ ಪಡೆಯಲು 20 ದಿನ ಮಾತ್ರ ಅವಕಾಶ.

ತಿಂಗಳಿಗೊಮ್ಮೆ ಪ್ರತಿ ಮೇಲ್‌ಬಾಕ್ಸಿನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಪುಟವನ್ನೂ ತೆರೆದು ನೋಡಿ. ಮೇಲ್‌ಬಾಕ್ಸಿಗೆ ನುಗ್ಗಿದ ವಂಚಕರು "ಇನ್‌ವಾಯ್ಸ್", "ಪೇಮೆಂಟ್" ಎಂಬ ಪದವಿರುವ ಮೇಲ್ ತಮಗೆ ಹೋಗುವಂತೆ ನಿಯಮ ಹಾಕಿಟ್ಟು, ಸರಿಯಾದ ಸಮಯಕ್ಕೆ ನಿಮ್ಮ ಹೆಸರಿನಲ್ಲಿ ಬ್ಯಾಂಕ್ ಖಾತೆ ಬದಲಾಗಿದೆ ಎಂದು ಕಸ್ಟಮರಿಗೆ ಬರೆಯುತ್ತಾರೆ. ಖಾತೆ ನಂಬರ್ ಬದಲಾವಣೆಯನ್ನು ಮೇಲ್ ನೋಡಿ ಒಪ್ಪಬಾರದು, ಮೊದಲೇ ಗೊತ್ತಿರುವ ಫೋನ್ ನಂಬರಿಗೆ ಕರೆ ಮಾಡಿ ಕೇಳಬೇಕು ಎಂದು ನಿಮ್ಮ ಕಸ್ಟಮರಿಗೂ ನಿಮ್ಮ ಅಕೌಂಟ್ಸ್‌ನವರಿಗೂ ಹೇಳಿಡಿ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.