ತಪ್ಪು ಮಾಡಲೊಂದು ಜಾಗ: ನಟನೆಯ ಶಾಲೆ, ಸಿನಿಮಾ ಶಾಲೆಗಳು ಹುಟ್ಟಿಬಂದ ಬಗೆ

ಅಭಿನಯದ ತರಗತಿಯೊಂದರಲ್ಲಿ ಗೋಡೆಗೊರಗಿ ಕೂತು ನೋಡುವ ಅವಕಾಶ ನನಗೊಮ್ಮೆ ಸಿಕ್ಕಿತ್ತು. ವಿದ್ಯಾರ್ಥಿನಿಗೆ ಕೊಟ್ಟಿದ್ದ ಕೆಲಸ ಇಷ್ಟೇ: ಬಾಗಿಲು ತೆರೆದು ಒಳಗೆ ಬರಬೇಕು, ಮೇಜಿನ ಮೇಲಿನ ಲೋಟದ ನೀರು ಕುಡಿಯಬೇಕು, ಹೊರಟುಹೋಗಬೇಕು. ಮೊದಲ ಸಲ ಅವಳು ಹಣೆ ಒರೆಸಿಕೊಂಡಳು, ನಿಟ್ಟುಸಿರು ಬಿಟ್ಟಳು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ‘ಇನ್ನೊಮ್ಮೆ’ ಎಂದರು ಮೇಷ್ಟ್ರು. ಎರಡನೆಯ ಸಲ ನಿಟ್ಟುಸಿರು ಹೋಗಿ ಕೆಮ್ಮು ಬಂತು. ‘ಇನ್ನೊಮ್ಮೆ.’ ನಾಲ್ಕನೆಯ ಸಲಕ್ಕೆ ಮುಖ ಕೆಂಪಾಯಿತು. ಐದನೆಯ ಸಲ ಸಿಟ್ಟಿನಲ್ಲಿ ಲೋಟ ಕುಕ್ಕಿದಳು, ನೀರು ಚೆಲ್ಲಿತು. ಆರನೆಯ ಸಲ ಬರುವ ಹೊತ್ತಿಗೆ ಅವಳಿಗೆ ನಿಜಕ್ಕೂ ಬಾಯಾರಿತ್ತು. ಬಂದಳು, ಕುಡಿದಳು, ಹೋದಳು. ನೋಡುವಂಥದ್ದು ಅದರಲ್ಲೇನೂ ಇರಲಿಲ್ಲ. ಆದರೂ ಅಲ್ಲಿದ್ದ ಯಾರಿಗೂ ಕಣ್ಣು ಕೀಳಲಾಗಲಿಲ್ಲ.

ನಾಟಕ ಶಾಲೆ, ಸಿನಿಮಾ ಶಾಲೆಗಳ ಮಾತು ಬಂದಾಗಲೆಲ್ಲ ‘ಕಲೆ ಕಲಿಸಿದರೆ ಬರುತ್ತದೆಯೇ?’ ಎಂಬ ಪ್ರಶ್ನೆ ಏಳುತ್ತದೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆಯದು. ಐದು ಸಲ ತಪ್ಪಿದರೂ ಯಾರಿಗೂ ನಷ್ಟವಾಗದ ಒಂದು ಕೋಣೆ ಆ ಹುಡುಗಿಗೆ ಸಿಕ್ಕಿತ್ತಲ್ಲ, ಅದು. ಟಿಕೆಟ್ ಕೊಂಡ ಪ್ರೇಕ್ಷಕರ ಮುಂದೆ, ದಿನಬಾಡಿಗೆಗೆ ತಂದ ಕ್ಯಾಮೆರಾದ ಮುಂದೆ ಆ ಐದು ಸಲಕ್ಕೆ ಜಾಗವಿಲ್ಲ. ಈ ಶಾಲೆಗಳ ಚರಿತ್ರೆಯನ್ನೂ ನಾನು ಹಾಗೆಯೇ ಓದಿಕೊಂಡಿದ್ದೇನೆ: ಕಲಿಯುವವರ ತಪ್ಪಿನ ಖರ್ಚನ್ನು ಯಾವ ಕಾಲದಲ್ಲಿ ಯಾರು ಹೊತ್ತರು ಎಂಬ ಕತೆಯಾಗಿ.

ಶಾಲೆಗಳಿಗಿಂತ ಮೊದಲು ಆ ಖರ್ಚನ್ನು ಮನೆತನ ಹೊರುತ್ತಿತ್ತು. ಜಪಾನಿನ ‘ನೋ’ ಎಂಬ ಹಳೆಯ ರಂಗಪ್ರಕಾರದ ನಟ ಝೆಯಾಮಿ 15ನೇ ಶತಮಾನದ ಆರಂಭದ ಹೊತ್ತಿಗೆ ತನ್ನ ವಂಶದವರಿಗೆಂದು ಬರೆದಿಟ್ಟ ಮಾತುಗಳಲ್ಲಿ ನಟನ ತರಬೇತಿಯನ್ನು ವಯಸ್ಸಿನ ಪ್ರಕಾರ ವಿಂಗಡಿಸಿದ್ದಾನೆ. ಆರಂಭ ಏಳನೇ ವಯಸ್ಸಿಗೆ. ಮಗು ತಾನಾಗಿ ಏನು ಮಾಡುತ್ತದೋ ಮಾಡಲಿ, ಇದು ಸರಿ ಅದು ತಪ್ಪು ಎಂದು ಅತಿಯಾಗಿ ತಿದ್ದಿದರೆ ಉತ್ಸಾಹವೇ ಬತ್ತಿಹೋಗುತ್ತದೆ ಎನ್ನುತ್ತಾನೆ. ಹದಿನೇಳು ಹದಿನೆಂಟಕ್ಕೆ ದನಿ ಒಡೆದು, ಬಾಲ್ಯದ ಚೆಲುವು ಹೋಗಿ, ನೋಡಿದವರು ನಗುವ ಕಾಲ ಬರುತ್ತದೆ. ಆಗ ಮನೆಯೊಳಗಿನ ಸಾಧನೆಯನ್ನು ಬಿಡಬಾರದು. ಇಪ್ಪತ್ತನಾಲ್ಕರ ಸುಮಾರಿಗೆ ಸಿಗುವ ಮೆಚ್ಚುಗೆ ವಯಸ್ಸಿನ ಹೂವು, ಅದನ್ನು ನಂಬಬಾರದು. ಆರುನೂರು ವರ್ಷಗಳ ಹಿಂದಿನ ಈ ಪಾಠಕ್ಕಿಂತ ಅಂತಃಕರಣದ ಪಠ್ಯಕ್ರಮವನ್ನು ನಾನು ಕಂಡಿಲ್ಲ. ಆದರೆ ಅದು ಸಿಗಬೇಕಾದರೆ ಆ ಮನೆಯಲ್ಲೇ ಹುಟ್ಟಿರಬೇಕಿತ್ತು. ಈ ಬರಹಗಳು ಪುಸ್ತಕವಾಗಿ ಹೊರಗಿನವರ ಕೈಗೆ ಸಿಕ್ಕಿದ್ದೇ 1909ರಲ್ಲಿ.

ಹೊರಗಿನಿಂದ ಬಂದು ಕಂಪನಿ ಸೇರಿದವರ ಪಾಡು ಬೇರೆ. ಪೆಟ್ಟಿಗೆ ಹೊರುವುದು, ಪರದೆ ಎಳೆಯುವುದು, ಎರಡು ಮಾತಿನ ಪಾತ್ರ ಮಾಡುವುದು, ಉಳಿದ ಹೊತ್ತು ಸೈಡ್ ವಿಂಗ್‌ನಲ್ಲಿ ನಿಂತು ದೊಡ್ಡ ನಟನನ್ನು ಕಣ್ತುಂಬಿಕೊಳ್ಳುವುದು. ಒಂದು ದಿನ ಆ ನಟ ಕಾಯಿಲೆ ಬಿದ್ದರೆ ವೇಷ ಇವರ ಪಾಲಿಗೆ. ತಪ್ಪಿದರೆ ಮತ್ತೆ ಪೆಟ್ಟಿಗೆ ಹೊರುವ ಕೆಲಸಕ್ಕೆ. ಹೀಗೆ ಕಲಿತವರಲ್ಲಿ ಮಹಾನ್ ನಟರು ಬಂದಿದ್ದಾರೆ, ನಿಜ. ಬಾರದೆ ಹೋದವರ ಲೆಕ್ಕ ಯಾರೂ ಇಟ್ಟಿಲ್ಲ.

ಯುರೋಪಿನಲ್ಲಿ ನೃತ್ಯಕ್ಕೆ ಶಾಲೆ ಬೇಗ ಬಂತು: ಫ್ರಾನ್ಸಿನ 14ನೇ ಲೂಯಿ 1661ರಲ್ಲಿ ನೃತ್ಯದ ಅಕಾಡೆಮಿಯನ್ನೂ 1713ರಲ್ಲಿ ಪ್ಯಾರಿಸ್ ಒಪೆರಾಕ್ಕೆ ಸೇರಿದ ನೃತ್ಯಶಾಲೆಯನ್ನೂ ಸ್ಥಾಪಿಸಿದ. ಇಂಗ್ಲೆಂಡಿನಲ್ಲಿ ನಟರ ಕಲಿಕೆ ಬಹುಕಾಲ ಊರೂರಿನ ಕಂಪನಿಗಳಲ್ಲೇ ನಡೆಯಿತು. ರೈಲು ಬಂದ ಮೇಲೆ ರಾಜಧಾನಿಯ ದೊಡ್ಡ ನಾಟಕಗಳೇ ಊರಿಂದೂರಿಗೆ ಹೊರಟವು, ಸ್ಥಳೀಯ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಎಳೆಯ ನಟರು ಸಣ್ಣ ಊರಿನ ಪ್ರೇಕ್ಷಕರೆದುರು ತಡವರಿಸಿ ಕಲಿಯುತ್ತಿದ್ದ ಜಾಗವೇ ಇಲ್ಲವಾಯಿತು. ಆ ಕೊರತೆಯ ನಡುವೆ 1904ರಲ್ಲಿ ನಟ, ರಂಗಮಾಲೀಕ ಹರ್ಬರ್ಟ್ ಬೀರ್‌ಬೋಮ್ ಟ್ರೀ ಲಂಡನ್ನಿನ ತನ್ನ ರಂಗಮಂದಿರದಲ್ಲೇ ಶಾಲೆ ತೆರೆದ. ಮುಂದೆ ಅದೇ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ ಆಯಿತು. ಕೇರಳದಲ್ಲೂ ಕಥಕ್ಕಳಿಯನ್ನು ಸಾಕುತ್ತಿದ್ದ ಮನೆತನಗಳು ಸೊರಗಿದಾಗಲೇ ಕವಿ ವಳ್ಳತ್ತೋಳ್ ಮತ್ತು ಮುಕುಂದ ರಾಜಾ 1930ರಲ್ಲಿ ಕಲಾಮಂಡಲಂ ಕಟ್ಟಿದ್ದು. ನಸುಕಿನಲ್ಲೆದ್ದು ಮಾಡುವ ಕಣ್ಣಿನ ಸಾಧನೆ, ಎಣ್ಣೆ ಹಚ್ಚಿ ಮೈ ತುಳಿಯುವ ಉಳಿಚ್ಚಿಲ್ ಎಲ್ಲ ಹಾಗೆಯೇ ಬಂದವು. ಆಶ್ರಯದಾತರ ಜಾಗಕ್ಕೆ ಸಂಸ್ಥೆ ಬಂತು.

ರಷ್ಯಾದ ನಟ, ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯ ಕತೆಯಲ್ಲಿ ಈ ಎಳೆ ಇನ್ನೂ ಸ್ಪಷ್ಟ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಶುರುಮಾಡಿ ಹೆಸರು ಗಳಿಸಿದ್ದ ಆತ 1906ರ ಬೇಸಿಗೆಯಲ್ಲಿ ಫಿನ್‌ಲೆಂಡಿನ ಕಡಲಂಚಿನ ಬಂಡೆಯ ಮೇಲೆ ಕೂತು, ನೂರಾರು ಸಲ ಮಾಡಿದ ಪಾತ್ರಗಳಲ್ಲಿ ಈಗ ಜೀವವೇಕಿಲ್ಲ ಎಂದು ಚಿಂತೆಗೆ ಬಿದ್ದ. ಕೈಕಾಲು ತಾವಾಗಿ ಆಡುತ್ತಿದ್ದವು, ಒಳಗೆ ಏನೂ ಇರಲಿಲ್ಲ. ಅದಕ್ಕೆ ಉಪಾಯ ಹುಡುಕತೊಡಗಿದಾಗ ಅವನ ಕಂಪನಿಯ ಅನುಭವಿ ನಟರೇ ಆ ಪ್ರಯೋಗಗಳಿಗೆ ಬೇಸತ್ತರು. ಪ್ರದರ್ಶನ ನಿಲ್ಲುವಂತಿಲ್ಲವಲ್ಲ. ಕೊನೆಗೆ 1912ರಲ್ಲಿ ಎಳೆಯರನ್ನು ಸೇರಿಸಿ, ತನ್ನ ಸಹಾಯಕ ಸುಲೆರ್ಝಿಟ್‌ಸ್ಕಿಯ ಕೈಗೊಪ್ಪಿಸಿ, ‘ಮೊದಲ ಸ್ಟುಡಿಯೋ’ ಎಂಬ ಬೇರೆಯೇ ಜಾಗ ಮಾಡಿದ. ಇಂದು ಜಗತ್ತಿನ ಅಭಿನಯ ತರಗತಿಗಳಲ್ಲಿ ನಡೆಯುವ ಏಕಾಗ್ರತೆಯ ಅಭ್ಯಾಸ, ‘ನಾನು ಈ ಸ್ಥಿತಿಯಲ್ಲಿದ್ದಿದ್ದರೆ?’ ಎಂಬ ಪ್ರಶ್ನೆಯ ಅಭ್ಯಾಸ ಇವೆಲ್ಲ ಹದಕ್ಕೆ ಬಂದಿದ್ದು ಇಂಥ ಕೋಣೆಗಳಲ್ಲಿ.

ಸಿನಿಮಾಕ್ಕೆ ಬಂದರೆ ತಪ್ಪಿನ ಬೆಲೆ ಇನ್ನೂ ಏರುತ್ತದೆ. ಫಿಲ್ಮ್ ಒಮ್ಮೆ ಬೆಳಕಿಗೆ ಒಡ್ಡಿದರೆ ಮುಗಿಯಿತು. ಜಗತ್ತಿನ ಮೊದಲ ಸಿನಿಮಾ ಶಾಲೆ ಹುಟ್ಟಿದ್ದು ಮಾತ್ರ ಫಿಲ್ಮೇ ಸಿಗದ ಊರಿನಲ್ಲಿ.

ಅದು 1919ರ ಮಾಸ್ಕೋ. ಅಂತರ್ಯುದ್ಧ ನಡೆದಿತ್ತು, ಚಿತ್ರೋದ್ಯಮವನ್ನು ಆಗಸ್ಟ್‌ನಲ್ಲಷ್ಟೇ ರಾಷ್ಟ್ರೀಕರಣ ಮಾಡಲಾಗಿತ್ತು, ಹೊರದೇಶದಿಂದ ಬರುತ್ತಿದ್ದ ಕಚ್ಚಾ ಫಿಲ್ಮ್ ನಿಂತುಹೋಗಿತ್ತು. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾಯಿತು. ಮುಂದೆ ವಿಜಿಐಕೆ ಎಂದು ಹೆಸರಾದದ್ದು ಅದೇ. ಅಲ್ಲಿ ಕಲಿಸಲು ಬಂದ ಲೆವ್ ಕುಲೆಶೋವ್‌ಗೆ ಆಗಿನ್ನೂ ಇಪ್ಪತ್ತರ ಆಸುಪಾಸು. ಅವನ ಶಿಷ್ಯರು ಫಿಲ್ಮಿಲ್ಲದ ಸಿನಿಮಾ ಮಾಡಿದರು. ಸನ್ನಿವೇಶವನ್ನು ಶಾಟ್ ಶಾಟ್ ಆಗಿ ಬರೆದುಕೊಂಡು, ಚೌಕಟ್ಟಿನಂತೆ ಪರದೆ ಹಿಡಿದು, ಒಂದು ತುಣುಕು ಆಡಿ ಪರದೆ ಎಳೆದು ಮುಂದಿನ ತುಣುಕು ಆಡುವುದು. ಕೈಯ ಕ್ಲೋಸಪ್ ಬೇಕಾದರೆ ಕೈಯಷ್ಟೇ ಕಾಣಬೇಕು. ಒಂದೊಂದು ಚಲನೆಯನ್ನೂ ಅಳೆದು, ಎಣಿಸಿ, ಮತ್ತೆ ಮತ್ತೆ ಮಾಡಿದರು. ತಪ್ಪಿದರೆ ಹೋಗುತ್ತಿದ್ದುದು ಅಂದಿನ ಬೆವರು ಮಾತ್ರ.

ಹಳೆಯ ಚಿತ್ರಗಳ ರೀಲುಗಳನ್ನು ಕತ್ತರಿಸಿ ಜೋಡಿಸುವ ಪಾಠವೂ ನಡೆಯಿತು. ಹೆಸರಾಂತ ನಟ ಮೊಜ್ಜೂಖಿನ್‌ನ ಯಾವ ಭಾವವೂ ಇಲ್ಲದ ಒಂದು ಮುಖದ ಶಾಟ್ ತೆಗೆದುಕೊಂಡು, ಅದನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಆಡುವ ಮಗುವಿನ ಪಕ್ಕ ಇಟ್ಟರು. ನೋಡಿದವರು ಅವನ ಹಸಿವನ್ನು, ದುಃಖವನ್ನು, ನಗುವನ್ನು ಕೊಂಡಾಡಿದರು. ಮುಖ ಮೂರು ಕಡೆಯೂ ಒಂದೇ. ಈ ಪ್ರಯೋಗದ ಮೂಲ ತುಣುಕು ಉಳಿದಿಲ್ಲ. ಶಿಷ್ಯ ಪುಡೋವ್‌ಕಿನ್ ಹೇಳಿದ ವಿವರವೇ ನಮಗೆ ಆಧಾರ. ಕೈಗೆ ಒಂದಿಷ್ಟು ಫಿಲ್ಮ್ ಸಿಕ್ಕಾಗ ಇನ್ನೊಂದು ಪ್ರಯೋಗ: ಮಾಸ್ಕೋದ ಬೇರೆ ಬೇರೆ ಬೀದಿಗಳಲ್ಲಿ ನಡೆಯುವ ಗಂಡು ಹೆಣ್ಣು ಎದುರಾಗಿ ಕೈಕುಲುಕುತ್ತಾರೆ, ತಲೆಯೆತ್ತಿ ನೋಡಿದರೆ ವಾಷಿಂಗ್ಟನ್ನಿನ ಶ್ವೇತಭವನ. ಆ ಭವನ ಯಾವುದೋ ಅಮೆರಿಕನ್ ಚಿತ್ರದಿಂದ ಕತ್ತರಿಸಿದ್ದು. ಎಲ್ಲೂ ಇಲ್ಲದ ಊರೊಂದು ಕತ್ತರಿಯಿಂದ ಹುಟ್ಟಿತ್ತು. ಸಂಕಲನದ ಮೊದಲ ಪಾಠವಾಗಿ ಇವೆರಡನ್ನೂ ಇಂದಿಗೂ ಹೇಳಿಕೊಡುತ್ತಾರೆ.

ಬೇರೆ ದೇಶಗಳಲ್ಲಿ ಆಗ ಸಿನಿಮಾ ಕಲಿಯಲು ಸ್ಟುಡಿಯೋದ ಗರಡಿಯೇ ಗತಿ. ಗರಡಿಯಲ್ಲೂ ಒಳ್ಳೆಯ ಗುರುಗಳಿದ್ದರು. ಜಪಾನಿನಲ್ಲಿ 1936ರಲ್ಲಿ ಸಹಾಯಕನಾಗಿ ಸೇರಿ ಮುಂದೆ ಹೆಸರಾಂತ ನಿರ್ದೇಶಕನಾದ ಅಕಿರಾ ಕುರೊಸಾವಾ ತನ್ನ ಗುರು ಯಾಮಾಮೊಟೊ ಕಾಜಿರೊ ಬಗ್ಗೆ ಹೇಳುವ ಸಂಗತಿ ನನಗೆ ಬಹಳ ಇಷ್ಟ. ಶಿಷ್ಯರು ಚಿತ್ರೀಕರಿಸಿದ ಭಾಗ ಅಷ್ಟು ಚೆನ್ನಾಗಿ ಬರದಿದ್ದರೂ ಯಾಮಾಮೊಟೊ ಅದನ್ನು ತನ್ನ ಚಿತ್ರದಲ್ಲಿ ಉಳಿಸಿಕೊಳ್ಳುತ್ತಿದ್ದರಂತೆ. ಚಿತ್ರ ಬಿಡುಗಡೆಯಾದ ಮೇಲೆ ಥಿಯೇಟರಿಗೆ ಕರೆದೊಯ್ದು, ಇದನ್ನು ಹೀಗೆ ಮಾಡಿದ್ದರೆ ಇನ್ನೂ ಚೆನ್ನಿತ್ತಲ್ಲವೇ ಎಂದು ಕೇಳುತ್ತಿದ್ದರಂತೆ. ಶಿಷ್ಯನ ತಪ್ಪನ್ನು ತನ್ನ ಹೆಸರಿನ ಮೇಲೆ ಹಾಕಿಕೊಳ್ಳುವ ಗುರು ಎಷ್ಟು ಜನಕ್ಕೆ ಸಿಕ್ಕಾರು?

ಆದ್ದರಿಂದಲೇ ಆ ಹೊರೆ ಸರ್ಕಾರಗಳ ಮೇಲೆ ಬಂತು, ಸರ್ಕಾರಗಳಿಗೆ ಅವುಗಳದೇ ಉದ್ದೇಶಗಳಿದ್ದವು. 1935ರಲ್ಲಿ ರೋಮ್‌ನ ಚೆಂತ್ರೊ ಸ್ಪೆರಿಮೆಂತಾಲೆ ಎಂಬ ಸಿನಿಮಾ ಶಾಲೆಯನ್ನು ಕಟ್ಟಿದ್ದು ಮುಸೊಲಿನಿಯ ಆಡಳಿತ. ಅದೇ ಶಾಲೆಯಲ್ಲಿ ಉಂಬರ್ತೊ ಬಾರ್ಬಾರೊ ಸೋವಿಯತ್ ಪುಡೋವ್‌ಕಿನ್‌ನ ಬರಹಗಳನ್ನು ಅನುವಾದಿಸಿ ಪಾಠ ಮಾಡಿದರು, ಯುದ್ಧದ ನಂತರ ಬೀದಿಗಿಳಿದು ಬಡವರ ಬದುಕನ್ನು ಚಿತ್ರಿಸಿದ ಜುಸೆಪ್ಪೆ ದೆ ಸಾಂತಿಸ್ ಅಲ್ಲಿನ ವಿದ್ಯಾರ್ಥಿ. ಪ್ರಾಗ್‌ನಲ್ಲಿ 1946ರಲ್ಲಿ ಫಾಮು ಎಂಬ ಸಿನಿಮಾ ಶಾಲೆ ಬಂತು. ಪೋಲೆಂಡಿನ ರಾಜಧಾನಿ ವಾರ್ಸಾ ನೆಲಸಮವಾಗಿತ್ತಾದ್ದರಿಂದ ಉಳಿದುಕೊಂಡಿದ್ದ ವುಜ್ ಪಟ್ಟಣದಲ್ಲಿ 1948ರಲ್ಲಿ ಶಾಲೆ ನೆಲೆಯೂರಿತು. ಹೊರಗಿನವರಿಗೆ ನೋಡಲು ಸಿಗದ ವಿದೇಶಿ ಚಿತ್ರಗಳನ್ನು ಅಲ್ಲಿನ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದರು. ಆ ಕಟ್ಟಡದ ಮರದ ಮೆಟ್ಟಿಲುಗಳು ಹೆಸರುವಾಸಿ: ಚಿತ್ರ ಮುಗಿದ ಮೇಲೆ ಅಲ್ಲೇ ಕೂತು ಗಂಟೆಗಟ್ಟಲೆ ಜಗಳ. ಮುಂದೆ ಹೆಸರಾಂತ ನಿರ್ದೇಶಕನಾದ ಕೀಶ್ಲೊವ್‌ಸ್ಕಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು ಮೂರನೇ ಯತ್ನದಲ್ಲಿ.

ಭಾರತದಲ್ಲಿ ಎಸ್. ಕೆ. ಪಾಟೀಲ್ ಸಮಿತಿ 1951ರಲ್ಲೇ ಸಿನಿಮಾ ಶಾಲೆಯ ಶಿಫಾರಸು ಮಾಡಿತ್ತು. ಶಾಲೆ ಬಂದದ್ದು 1960ರಲ್ಲಿ, ಪುಣೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ. ಗರಡಿ ಮುಚ್ಚಿದ ಜಾಗದಲ್ಲೇ ಶಾಲೆ ತೆರೆದಂತಾಯಿತು. ಬಂಗಾಳಿ ನಿರ್ದೇಶಕ ಋತ್ವಿಕ್ ಘಟಕ್ ಅಲ್ಲಿ ಕಲಿಸಿದ್ದು ಅಲ್ಪಕಾಲ. ಮಣಿ ಕೌಲ್, ಕುಮಾರ್ ಶಹಾನಿ ಮೊದಲಾದ ಶಿಷ್ಯರ ಮೇಲೆ ಅದರ ಗುರುತು ಕೊನೆಯವರೆಗೂ ಉಳಿಯಿತು. ನಮ್ಮ ಗಿರೀಶ್ ಕಾಸರವಳ್ಳಿಯವರೂ ಆ ಶಾಲೆಯಿಂದಲೇ ಬಂದವರು. ರಂಗಭೂಮಿಗೆ 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆ. 1962ರಿಂದ ಹದಿನೈದು ವರ್ಷ ಅದನ್ನು ಕಟ್ಟಿದ ಇಬ್ರಾಹಿಂ ಅಲ್ಕಾಝಿ ಲಂಡನ್ನಿನಲ್ಲಿ ಟ್ರೀ ಶುರುಮಾಡಿದ ಶಾಲೆಯಲ್ಲೇ ಕಲಿತವರು. ಅವರ ನಂತರ ರಾಷ್ಟ್ರೀಯ ನಾಟಕ ಶಾಲೆಯದೇ ವಿದ್ಯಾರ್ಥಿಯಾಗಿದ್ದ ಬಿ. ವಿ. ಕಾರಂತರು ನಿರ್ದೇಶಕರಾಗಿ ಬಂದರು, ನೆಲದ ರಂಗಪ್ರಕಾರಗಳ ಹಾಡು ಕುಣಿತ ತರಗತಿಯೊಳಕ್ಕೆ ಬಂತು. 1980ರಲ್ಲಿ ಕೆ. ವಿ. ಸುಬ್ಬಣ್ಣ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ತೆರೆದಾಗ ಇಂಥ ಶಾಲೆಗೆ ರಾಜಧಾನಿಯೇ ಬೇಕೆಂಬ ನಂಬಿಕೆಯೂ ಸಡಿಲಾಯಿತು.

ಇಷ್ಟು ಹೇಳಿದ ಮೇಲೆ ಕಹಿಯಾದದ್ದನ್ನೂ ಹೇಳಬೇಕು. ತಪ್ಪು ಮಾಡಲು ಜಾಗ ಕೊಡುವ ಕೋಣೆಯ ಬಾಗಿಲು ಮುಚ್ಚಿರುತ್ತದೆ, ಒಳಗೆ ಕಲಿಸುವವರ ಅಧಿಕಾರ ದೊಡ್ಡದು. ನ್ಯೂಯಾರ್ಕಿನ ಗ್ರೂಪ್ ಥಿಯೇಟರ್ ತಂಡದಲ್ಲಿ ಲೀ ಸ್ಟ್ರಾಸ್‌ಬರ್ಗ್ ನಟರಿಂದ ಅವರ ಸ್ವಂತ ನೋವಿನ ನೆನಪುಗಳನ್ನು ಕೆದಕಿಸಿ ಪಾತ್ರಕ್ಕೆ ತುಂಬಿಸುವ ಪದ್ಧತಿಗೆ ಒತ್ತು ಕೊಟ್ಟಿದ್ದ. ಅದರಿಂದ ಕಂಗೆಟ್ಟಿದ್ದ ಅದೇ ತಂಡದ ನಟಿ ಸ್ಟೆಲ್ಲಾ ಆಡ್ಲರ್ 1934ರಲ್ಲಿ ಪ್ಯಾರಿಸ್‌ನಲ್ಲಿ ಸ್ಟಾನಿಸ್ಲಾವ್‌ಸ್ಕಿಯನ್ನೇ ಭೇಟಿಯಾಗಿ, ವಾರಗಟ್ಟಲೆ ಅಭ್ಯಾಸ ಮಾಡಿ ಬಂದಳು. ನೆನಪಿಗಿಂತ ನಾಟಕ ಕೊಡುವ ಸನ್ನಿವೇಶವೂ ಕಲ್ಪನೆಯೂ ಮುಖ್ಯ ಎಂದು ತಂಡದೆದುರು ಹೇಳಿದಳು. ಆ ಜಗಳ ಇಂದಿಗೂ ಮುಗಿದಿಲ್ಲ. ನಾನಂತೂ ಆಡ್ಲರ್ ಪಕ್ಷ. ವಿದ್ಯಾರ್ಥಿಯನ್ನು ಅಳಿಸಿದ್ದೇ ಪಾಠ ಎಂದುಕೊಂಡ ಗುರುಗಳು ತಮ್ಮ ತಪ್ಪಿನ ಖರ್ಚನ್ನು ಎಳೆಯರಿಂದ ವಸೂಲಿ ಮಾಡಿದ್ದಾರೆ. 2017ರ ನಂತರ ‘ಮೀ ಟೂ’ ಎಂದು ಎದ್ದ ದನಿಗಳಿಂದಾಗಿ ಮೈಮುಟ್ಟುವ ದೃಶ್ಯಗಳನ್ನು ಮೊದಲೇ ಮಾತಾಡಿ, ಒಪ್ಪಿಗೆ ಪಡೆದು, ಹೆಜ್ಜೆ ಹೆಜ್ಜೆಯಾಗಿ ಗೊತ್ತುಮಾಡಿಕೊಳ್ಳುವ ಕ್ರಮ ಹಲವು ಶಾಲೆಗಳಿಗೆ ಬಂದಿದೆ. ತಡವಾಯಿತು.

ಕದ ಯಾರಿಗೆ ತೆರೆಯುತ್ತದೆ ಎಂಬುದು ಇನ್ನೊಂದು ಮಾತು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಪಾಠ ನಿಂತಿದ್ದ ಬೀಜಿಂಗ್ ಫಿಲ್ಮ್ ಅಕಾಡೆಮಿ 1978ರಲ್ಲಿ ಮತ್ತೆ ಅರ್ಜಿ ಕರೆದಾಗ ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ, ಮುಂದೆ ಹೆಸರಾಂತ ನಿರ್ದೇಶಕನಾದ ಝಾಂಗ್ ಯಿಮೌಗೆ ವಯಸ್ಸು ಮೀರಿತ್ತು. ಸಚಿವಾಲಯಕ್ಕೆ ಮೊರೆಯಿಟ್ಟು ಸೇರಿಕೊಂಡ. 1982ರಲ್ಲಿ ಹೊರಬಂದ ಆ ಬ್ಯಾಚ್ ಚೀನಾದ ಸಿನಿಮಾವನ್ನೇ ಬದಲಿಸಿತು. ಶುಲ್ಕ ಏರುತ್ತಾ ಹೋದ ಕಡೆಯೆಲ್ಲ ತಪ್ಪುವ ಅವಕಾಶವೂ ಉಳ್ಳವರ ಮನೆಗೇ ಮರಳುತ್ತದೆ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಈಗ ಫೋನಿನಲ್ಲೇ ಸಿನಿಮಾ ಮಾಡಬಹುದು, ನೂರು ಸಲ ತಪ್ಪಿದರೂ ಅಳಿಸಿದರಾಯಿತು. ಹಾಗಿದ್ದರೆ ಶಾಲೆಯೇಕೆ ಎಂದು ಕೇಳುವವರಿದ್ದಾರೆ. ಅಳಿಸಿದ ತಪ್ಪನ್ನು ಯಾರೂ ನೋಡಿರುವುದಿಲ್ಲ, ತೊಡಕು ಅಲ್ಲಿದೆ. ‘ಇನ್ನೊಮ್ಮೆ’ ಎನ್ನಲು ಒಬ್ಬರು ಬೇಕು. ಧ್ವನಿ ಕಲಿಯುವವರು, ಬೆಳಕು ಕಲಿಯುವವರು ಪಕ್ಕದಲ್ಲಿ ನಿಂತು ನಮ್ಮ ಎಡವಟ್ಟಿಗೆ ಮುಖ ಸಿಂಡರಿಸಬೇಕು. ಅದಕ್ಕೇ ಇರಬೇಕು, ಕೆಲವು ಶಾಲೆಗಳು ಇಂದಿಗೂ ಒಂದಾದರೂ ಅಭ್ಯಾಸವನ್ನು 16 ಎಂ.ಎಂ. ಫಿಲ್ಮಿನಲ್ಲೇ ಮಾಡಿಸುತ್ತವೆ. ನಾಲ್ಕುನೂರು ಅಡಿಯ ಒಂದು ಸುರುಳಿ ಓಡುವುದು ಹನ್ನೊಂದು ನಿಮಿಷ. ಫಿಲ್ಮ್ ತುಂಬುವ ಮೊದಲು ತಂಡವೆಲ್ಲ ಖಾಲಿ ಕ್ಯಾಮೆರಾದ ಮುಂದೆ ನಿಂತು, 1920ರ ಮಾಸ್ಕೋದವರಂತೆ, ಬಾಗಿಲಿನಿಂದ ಕುರ್ಚಿಯವರೆಗಿನ ಹೆಜ್ಜೆ ಎಣಿಸುತ್ತದೆ.